ಐದು ದಿನ ಹೊಲದಲ್ಲಿ ಟೆಂಟು: ಕೊಡತಿ ಕೇಳುವುದರಿಂದ ಶುರು ಮಾಡು

ಪ್ರಶ್ನೆ: ಅಕ್ಕಾರೆ, ನಮಸ್ಕಾರ. ನಾನು ಹುಬ್ಬಳ್ಳಿ ವಿದ್ಯಾನಗರದವಳು, ವಯಸ್ಸು 23. ಬರುವ ಸೆಪ್ಟೆಂಬರಿನಲ್ಲಿ ಎಂ.ಎಸ್ಸಿ. ಓದಲು ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಗುತ್ತಿದ್ದೇನೆ. ನನ್ನ ಚಿಕ್ಕಮ್ಮನ ಮಗಳು ಹಾವೇರಿಯವಳು, ಈಗ ಇಂಗ್ಲೆಂಡಿನಲ್ಲೇ ಕೆಲಸದಲ್ಲಿದ್ದಾಳೆ. ಅವಳೂ ಅವಳ ಮೂವರು ಗೆಳತಿಯರೂ 2027ರ ಜೂನಿನಲ್ಲಿ ಗ್ಲಾಸ್ಟನ್‌ಬರಿ ಮ್ಯೂಸಿಕ್ ಫೆಸ್ಟಿವಲ್‌ಗೆ ಹೋಗಬೇಕೆಂದಿದ್ದಾರೆ. ನನ್ನನ್ನೂ ಕರೆಯುತ್ತಿದ್ದಾರೆ. ಐದು ದಿನ ಟೆಂಟಿನಲ್ಲೇ ಇರಬೇಕಂತೆ. ನಾನು ಟೆಂಟನ್ನು ಮುಟ್ಟಿಯೂ ನೋಡಿಲ್ಲ. ಮಾತು ಕಡಿಮೆ. ಸಸ್ಯಾಹಾರಿ, ಕುಡಿಯುವುದಿಲ್ಲ. ಅವ್ವ ಅಂತೂ "ಹೊಲದಾಗ ಮಲಗಾಕ ಅಷ್ಟು ದೂರ ಯಾಕ ಹೋಗಬೇಕು" ಅನ್ನುತ್ತಾಳೆ. ಹೋಗಲಾ? ಹೋದರೆ ಅಲ್ಲಿಯ ಜನರ ಜೊತೆ ಬೆರೆಯುವುದು ಹೇಗೆ?

ಉತ್ತರ: ಹೋಗು. ನೀನು ಅಕ್ಕಾರೆ ಅಂದಿದ್ದೀಯ, ಹಾಗಾಗಿ ನಾನೂ 'ನೀನು' ಅಂತಲೇ ಬರೆಯುತ್ತೇನೆ. ಬೇಜಾರಿಲ್ಲ ತಾನೇ?

ಮೊದಲು ನಿಮ್ಮ ಅವ್ವನ ಮಾತು. ಹೊಲದಲ್ಲಿ ಮಲಗುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಉಳವಿ ಜಾತ್ರೆಗೆ ಧಾರವಾಡ, ಹಾವೇರಿ ಕಡೆಯಿಂದ ಈಗಲೂ ಚಕ್ಕಡಿ ಹೂಡಿಕೊಂಡು ಹೋಗುವ ಮನೆಗಳಿವೆ. ದಾರಿಯಲ್ಲಿ ಎತ್ತು ಬಿಚ್ಚಿ, ಒಲೆ ಹೂಡಿ, ಚಕ್ಕಡಿ ಪಕ್ಕದಲ್ಲೇ ಹಾಸಿಕೊಂಡು ಮಲಗುತ್ತಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳ ಪುಣ್ಯತಿಥಿಗೆ ಅಹೋರಾತ್ರಿ ಸಂಗೀತ ನಡೆಯುತ್ತದಲ್ಲ, ಅಲ್ಲಿ ನಾನು ಚಿಕ್ಕವಳಿದ್ದಾಗ ಸೋದರತ್ತೆಯ ತೊಡೆಯ ಮೇಲೆ ತಲೆ ಇಟ್ಟು ನಿದ್ದೆ ಹೊಡೆದಿದ್ದೇನೆ. ತಬಲಾ ಕಿವಿಯ ಪಕ್ಕದಲ್ಲೇ ಬಡಿಯುತ್ತಿತ್ತು. ಬೆಳಗಿನ ಜಾವ ಎಚ್ಚರಾದರೆ ಬೇರೆ ಯಾರೋ ಹಾಡುತ್ತಿದ್ದರು, ನನ್ನ ಮೇಲೆ ಗುರುತಿಲ್ಲದ ಯಾರದೋ ಶಾಲು ಇತ್ತು. ಇಷ್ಟು ಕಂಡವರಿಗೆ ಗ್ಲಾಸ್ಟನ್‌ಬರಿ ತೀರಾ ಪರಕೀಯ ಅನ್ನಿಸುವುದಿಲ್ಲ. ಒಂದೇ ಒಂದು ದೊಡ್ಡ ವ್ಯತ್ಯಾಸ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ನನ್ನ ಬಗ್ಗೆ ಎರಡು ಮಾತು. ಧಾರವಾಡದಲ್ಲಿ ಹುಡುಗ ಹುಡುಗಿಯರಿಗೆ ಚಾರಣ, ಶಿಬಿರ ಮಾಡಿಸುವುದು ನನ್ನ ಕೆಲಸ. ನಡುವೆ ಕೆಲವು ವರ್ಷ ಇಂಗ್ಲೆಂಡಿನಲ್ಲಿ ಇದ್ದೆ. ಆಗ ಎರಡು ಸಲ ಗ್ಲಾಸ್ಟನ್‌ಬರಿಗೆ ಹೋಗಿದ್ದೆ, 2016 ಮತ್ತು 2019ರಲ್ಲಿ. ಮೊದಲನೆಯದು ಕೆಸರಿನ ವರ್ಷ, ಎರಡನೆಯದು ಬಿಸಿಲಿನ ವರ್ಷ. ಎರಡರಲ್ಲೂ ಪೆಟ್ಟು ತಿಂದಿದ್ದೇನೆ. ಕೆಳಗೆ ಬರೆದದ್ದರಲ್ಲಿ ಅರ್ಧ ಆ ಪೆಟ್ಟಿನ ಪಾಠ.

ಜಾಗದ ಅಂದಾಜು ಇರಲಿ. ಸಾಮರ್‌ಸೆಟ್ ಕೌಂಟಿಯ ಪಿಲ್ಟನ್ ಎಂಬ ಹಳ್ಳಿಯಲ್ಲಿ ವರ್ದಿ ಫಾರ್ಮ್ ಅಂತ ಒಂದು ಹೈನು ಫಾರ್ಮ್. ಆಕಳು ಮೇಯುವ ಹುಲ್ಲುಗಾವಲು. ಮೈಕಲ್ ಈವಿಸ್ ಎಂಬ ರೈತ 1970ರ ಸೆಪ್ಟೆಂಬರಿನಲ್ಲಿ ಅಲ್ಲಿ ಮೊದಲ ಸಲ ಸಂಗೀತ ನಡೆಸಿದರು. ಟಿಕೆಟ್ 1 ಪೌಂಡ್, ಜೊತೆಗೆ ಫಾರ್ಮಿನ ಹಾಲು ಪುಕ್ಕಟೆ. ಬಂದವರು ಸುಮಾರು 1,500 ಜನ. ಈಗ ಕೆಲಸಗಾರರನ್ನೂ ಸೇರಿಸಿ 2 ಲಕ್ಷಕ್ಕೂ ಜಾಸ್ತಿ. 2011ರ ಜನಗಣತಿಯಲ್ಲಿ ಗದಗ-ಬೆಟಗೇರಿಯ ಜನಸಂಖ್ಯೆ ಸುಮಾರು 1.72 ಲಕ್ಷ. ಅಂದರೆ ಗದಗಿಗಿಂತ ದೊಡ್ಡ ಊರೊಂದು ಐದು ದಿನಕ್ಕೆ 900 ಎಕರೆ ಹೊಲದಲ್ಲಿ ಎದ್ದು ನಿಲ್ಲುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಗುಂಪಿನಲ್ಲಿ ನಡೆಯಲು ಒಂದು ಗಂಟೆ ಇಟ್ಟುಕೋ. ಕೆಲವು ವರ್ಷಕ್ಕೊಮ್ಮೆ ಹೊಲಕ್ಕೆ ವಿಶ್ರಾಂತಿ ಅಂತ ಫೆಸ್ಟಿವಲ್ ಮಾಡುವುದೇ ಇಲ್ಲ. ನಮ್ಮ ರೈತರು ಬೀಳು ಬಿಡುತ್ತಾರಲ್ಲ, ಹಾಗೆ. 2018ರಲ್ಲಿ ಬಿಟ್ಟಿದ್ದರು, 2026 ಕೂಡ ಬೀಳು ವರ್ಷ. ಅದಕ್ಕೇ ನಿನ್ನ ಅಕ್ಕ 2027 ಅಂದಿದ್ದು.

ಟಿಕೆಟ್ ವಿಷಯ ಬೇಗ ಮುಗಿಸುತ್ತೇನೆ, ಅದು ನಿನ್ನ ಅಕ್ಕನಿಗೆ ಗೊತ್ತಿರುತ್ತದೆ. ಮಾರಾಟಕ್ಕೆ ಮುಂಚೆಯೇ ಫೋಟೊ ಸಮೇತ ಹೆಸರು ನೋಂದಾಯಿಸಿರಬೇಕು. ಟಿಕೆಟ್ ಮೇಲೆ ನಿನ್ನ ಮುಖ ಇರುತ್ತದೆ, ಇನ್ನೊಬ್ಬರ ಟಿಕೆಟ್‌ನಲ್ಲಿ ಒಳಗೆ ಹೋಗಲು ಆಗುವುದಿಲ್ಲ. 2025ರ ಟಿಕೆಟ್ 373.50 ಪೌಂಡ್, ಬುಕಿಂಗ್ ಶುಲ್ಕ 5 ಪೌಂಡ್ ಬೇರೆ. ಆ ವರ್ಷದ ಮುಖ್ಯ ಮಾರಾಟ ಹಿಂದಿನ ನವೆಂಬರಿನಲ್ಲೇ ನಡೆಯಿತು, ಅರ್ಧ ಗಂಟೆ ಚಿಲ್ಲರೆಯಲ್ಲಿ ಎಲ್ಲ ಖಾಲಿ. ಸಿಗದಿದ್ದರೆ ಎದೆ ಒಡೆದುಕೊಳ್ಳಬೇಡ. ವಾಪಸ್ ಬಂದ ಟಿಕೆಟ್‌ಗಳನ್ನು ವಸಂತದಲ್ಲಿ ಮತ್ತೆ ಮಾರುತ್ತಾರೆ. ಆಕ್ಸ್‌ಫ್ಯಾಮ್ ಎಂಬ ಸೇವಾ ಸಂಸ್ಥೆಯ ಸ್ವಯಂಸೇವಕಿಯಾಗಿ ಎಂಟೆಂಟು ತಾಸಿನ ಮೂರು ಪಾಳಿ ಕೆಲಸ ಮಾಡಿದರೆ ಪ್ರವೇಶ ಸಿಗುತ್ತದೆ. ಠೇವಣಿ ಕಟ್ಟಬೇಕು, ಕೆಲಸ ಮುಗಿಸಿದ ಮೇಲೆ ವಾಪಸ್ ಕೊಡುತ್ತಾರೆ. ನಿನ್ನಂಥ ಮಾತು ಕಡಿಮೆಯವರಿಗೆ ಇದೇ ಒಳ್ಳೆಯದು ಅಂತ ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಮೈಮೇಲೆ ಸ್ವಯಂಸೇವಕರ ಜಾಕೆಟ್ ಇದ್ದರೆ ಜನ ತಾವೇ ಬಂದು ಮಾತಾಡಿಸುತ್ತಾರೆ. ಆದರೆ ನಿನ್ನದು ವಿದ್ಯಾರ್ಥಿ ವೀಸಾ. ಅದರಲ್ಲಿ ಇಂಥ ಕೆಲಸಕ್ಕೆ ಅವಕಾಶ ಇದೆಯಾ ಅಂತ ಯೂನಿವರ್ಸಿಟಿಯಲ್ಲಿ ಮೊದಲು ಕೇಳಿಕೋ.

ಈಗ ಟೆಂಟು. ಎರಡು ಜನರ ಟೆಂಟ್ ಅಂತ ಬರೆದಿದ್ದರೆ ಅದು ಒಬ್ಬರದು ಅಂತ ತಿಳಿ. ನಾಲ್ಕು ಜನರದು ಅಂದರೆ ಇಬ್ಬರದು. ಕಂಪನಿಯವರು ಮನುಷ್ಯರನ್ನು ಎಣಿಸುತ್ತಾರೆ, ಚೀಲ, ಕೆಸರು ಬೂಟು, ಒದ್ದೆ ಜಾಕೆಟ್ ಎಣಿಸುವುದಿಲ್ಲ. ಒಳಗೊಂದು ಹೊರಗೊಂದು ಎರಡು ಪದರ ಇರುವುದನ್ನೇ ಕೊಳ್ಳಿ. ನಮ್ಮ ಉಸಿರೇ ರಾತ್ರಿ ತಣಿದು ಹೊರಪದರದ ಒಳಮೈಗೆ ನೀರಾಗಿ ಕೂರುತ್ತದೆ. ಒಂದೇ ಪದರ ಇದ್ದರೆ ಆ ನೀರು ಮುಖದ ಮೇಲೆ ತೊಟ್ಟಿಕ್ಕುತ್ತದೆ. ಎರಡು ಪದರ ಇದ್ದರೂ ಒಂದಕ್ಕೊಂದು ತಾಗದಂತೆ ಹಗ್ಗ ಬಿಗಿಯಬೇಕು. 2016ರಲ್ಲಿ ನಾನು ಒಂದು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಒಂದೇ ಪದರದ ಟೆಂಟ್ ತಂದಿದ್ದೆ. ಮೊದಲ ರಾತ್ರಿ ಮಳೆ ಸೋರುತ್ತಿದೆ ಅಂದುಕೊಂಡು ಹೊರಗೆ ಬಂದು ನೋಡಿದರೆ ಆಕಾಶದ ತುಂಬಾ ಚುಕ್ಕಿ!

ಗೂಟ ಹೊಡೆಯುವುದನ್ನು ಇಲ್ಲೇ ಕಲಿತು ಹೋಗು. ಯಾರಾದರೂ ಚಾರಣದವರ ಹತ್ತಿರ ಟೆಂಟ್ ಇಸಿದುಕೊಂಡು ಕಲಘಟಗಿ ಕಡೆ ಪರಿಚಯದವರ ಹೊಲದಲ್ಲಿ ಒಂದು ರಾತ್ರಿ ಮಲಗಿ ನೋಡಿ. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು, ಮೊನೆ ಟೆಂಟಿನ ಕಡೆಗೆ. ಎಮ್ಮೆ ಕಟ್ಟುವ ಗೂಟ ಹೊಡೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎಮ್ಮೆ ಎಳೆಯುವ ದಿಕ್ಕಿಗೆ ಎದುರಾಗಿ ಹೊಡೆಯುತ್ತಾರಲ್ಲ, ಅದೇ ಲೆಕ್ಕ. ಇಲ್ಲಿ ಎಮ್ಮೆಯ ಬದಲು ಗಾಳಿ.

ಜಾಗ ಆರಿಸುವುದು ಟೆಂಟ್ ಕೊಳ್ಳುವುದಕ್ಕಿಂತ ಮುಖ್ಯ. ಗೇಟು ಬುಧವಾರ ಬೆಳಗ್ಗೆ ತೆರೆಯುತ್ತದೆ, ದೊಡ್ಡ ವೇದಿಕೆಗಳು ಶುಕ್ರವಾರ ಶುರುವಾಗುತ್ತವೆ. "ಎರಡು ದಿನ ಏನು ಮಾಡುವುದು, ಗುರುವಾರ ಸಂಜೆ ಹೋದರಾಯಿತು" ಅಂತ ನಿನ್ನ ಅಕ್ಕ ಹೇಳಿದರೆ ಒಪ್ಪಬೇಡ. ಗುರುವಾರಕ್ಕೆ ಉಳಿಯುವುದು ಶೌಚಾಲಯದ ಪಕ್ಕ, ದಾರಿಯ ಪಕ್ಕ, ಇಳಿಜಾರಿನ ಬುಡ. ಇಳಿಜಾರಿನ ಬುಡಕ್ಕೆ ಯಾವತ್ತೂ ಹೋಗಬೇಡಿ. 2005ರಲ್ಲಿ ಗುಡುಗು ಮಳೆ ಸುರಿದಾಗ ತಗ್ಗಿನಲ್ಲಿದ್ದ ಟೆಂಟುಗಳು ಮುಳುಗಿದ್ದವು. ದಾರಿಯ ಪಕ್ಕ ಹಾಕಿದರೆ ರಾತ್ರಿ ಯಾರಾದರೊಬ್ಬರು ಹಗ್ಗಕ್ಕೆ ಎಡವಿ ನಿನ್ನ ಮೇಲೆಯೇ ಬೀಳುತ್ತಾರೆ. ಇಳಿಜಾರಿನ ನಡುಮಧ್ಯ ಸಿಕ್ಕರೆ ಸಾಕು. ತಲೆ ಎತ್ತರದ ಕಡೆ, ಕಾಲು ತಗ್ಗಿನ ಕಡೆ. ಮತ್ತೆ, ಇಷ್ಟು ಟೆಂಟುಗಳಲ್ಲಿ ನಿನ್ನದನ್ನು ರಾತ್ರಿ ಎರಡು ಗಂಟೆಗೆ ಹುಡುಕುವುದು ಹೇಗೆ? ನಾನು 2019ರಲ್ಲಿ ಅಜ್ಜಿಯ ಹಳೆ ಇಳಕಲ್ ಸೀರೆಯ ತುಂಡೊಂದನ್ನು ಉದ್ದ ಕೋಲಿಗೆ ಕಟ್ಟಿದ್ದೆ. ಕೆಂಪು ಸೆರಗು ದೂರದಿಂದಲೇ ಕಾಣುತ್ತಿತ್ತು. ಎರಡನೇ ದಿನಕ್ಕೆ ಸುತ್ತಲಿನ ಹತ್ತು ಟೆಂಟಿನವರೂ ತಮ್ಮ ಗೆಳೆಯರಿಗೆ ಫೋನಿನಲ್ಲಿ "ಆ ಕೆಂಪು ಬಟ್ಟೆಯಿಂದ ಎಡಕ್ಕೆ" ಅಂತ ದಾರಿ ಹೇಳುತ್ತಿದ್ದರು. ನಮ್ಮಜ್ಜಿ ಇದ್ದಿದ್ದರೆ ಬೈಯುತ್ತಿದ್ದಳೋ ನಗುತ್ತಿದ್ದಳೋ.

ಹಾಸಿಗೆ. ಜೂನ್ ಬೇಸಿಗೆಯಾದರೂ ರಾತ್ರಿ ಹತ್ತು ಡಿಗ್ರಿಗೆ ಇಳಿಯುವುದುಂಟು. ಥಂಡಿ ಮೇಲಿನಿಂದ ಬರುವುದಕ್ಕಿಂತ ನೆಲದಿಂದ ಜಾಸ್ತಿ ಬರುತ್ತದೆ. ಹೊದ್ದುಕೊಳ್ಳುವುದನ್ನು ಬೆಲೆ ಕೊಟ್ಟು ತಂದು ಕೆಳಗೆ ಏನೂ ಹಾಸದೆ ಮಲಗುವವರನ್ನು ಬಹಳ ನೋಡಿದ್ದೇನೆ. ಅಲ್ಲಿ ಸಿಗುವ ಫೋಮ್ ಚಾಪೆ ಹಾಸಿ, ಅದರ ಮೇಲೆ ಮಡಚಿದ ಕೌದಿ ಹಾಕಿದರೆ ರಾಣಿಯಂತೆ ನಿದ್ದೆ. ಕೌದಿ ಒದ್ದೆಯಾದರೆ ಮಾತ್ರ ಕಲ್ಲಿನ ಭಾರ, ಒಣಗುವುದೂ ಇಲ್ಲ. ಮಳೆಯ ಲೆಕ್ಕದಲ್ಲಿ ಕುರಿ ಉಣ್ಣೆಯ ಕಂಬಳಿಯೇ ವಾಸಿ, ತುಸು ತೇವ ಆದರೂ ಬೆಚ್ಚಗಿರುತ್ತದೆ. ವಿಮಾನದ ತೂಕದ ಲೆಕ್ಕ ನೋಡಿ ಒಂದು ಕಂಬಳಿ ಇಲ್ಲಿಂದಲೇ ಒಯ್ಯಿ. ಅದರ ಇನ್ನೊಂದು ಉಪಯೋಗ ಆಮೇಲೆ ಬರುತ್ತದೆ.

ಸೂರ್ಯ ಬೆಳಗ್ಗೆ ಐದಕ್ಕೇ ಹುಟ್ಟುತ್ತಾನೆ, ರಾತ್ರಿ ಒಂಬತ್ತೂವರೆಗೆ ಮುಳುಗುತ್ತಾನೆ. ಬಿಸಿಲಿನ ವರ್ಷವಾದರೆ ಏಳು ಗಂಟೆಗೆ ಟೆಂಟು ರೊಟ್ಟಿ ಹಂಚಿನ ಹಾಗೆ ಕಾಯುತ್ತದೆ. ಕಿವಿಗೆ ಇಯರ್‌ಪ್ಲಗ್, ಕಣ್ಣಿಗೆ ಪಟ್ಟಿ ಇರಲಿ. ರಾತ್ರಿ ನಿದ್ದೆ ಪೂರ್ತಿ ಆಗುವುದಿಲ್ಲ ಅಂತ ಮೊದಲೇ ಒಪ್ಪಿಕೊಂಡುಬಿಡು. ಮಧ್ಯಾಹ್ನ ಮರದ ನೆರಳಲ್ಲಿ ಒಂದು ತಾಸು ಒರಗು. ಟೆಂಟಿನ ಒಳಗೆ ಒಲೆ, ಕೆಂಡ, ಗ್ಯಾಸ್ ಯಾವುದೂ ಬೇಡವೇ ಬೇಡ. ಬೆಂಕಿ ಹತ್ತುವುದು ಒಂದು ಅಪಾಯ. ಇನ್ನೊಂದು, ಒಲೆ ಉರಿದಾಗ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಗಾಳಿ. ಅದಕ್ಕೆ ವಾಸನೆಯೂ ಇಲ್ಲ, ಮಲಗಿದವರು ಏಳುವುದಿಲ್ಲ.

ಕೆಸರಿನ ಬಗ್ಗೆ ನವಲಗುಂದ, ರೋಣದ ಕಡೆ ನೆಂಟರಿದ್ದರೆ ಕೇಳು. ಮಳೆಯಲ್ಲಿ ಎರಿ ಹೊಲ ದಾಟಿದವರಿಗೆ ಪಿಲ್ಟನ್ನಿನ ಕೆಸರು ಹೊಸದಲ್ಲ. ಅದೂ ಅಂಟುವ ಜೇಡಿ. ಹೆಜ್ಜೆಗೊಂದು ಸೇರು ಮಣ್ಣು ಕಾಲಿಗೆ ಬರುತ್ತದೆ, ಚಪ್ಪಲಿ ಅಲ್ಲೇ ಉಳಿಯುತ್ತದೆ. ಮೊಣಕಾಲಿನ ತನಕ ಬರುವ ಗಮ್‌ಬೂಟು ಹವಾಮಾನ ವರದಿ ಏನೇ ಹೇಳಲಿ, ಇರಲಿ. ಅದರೊಳಗೆ ಉದ್ದನೆಯ ದಪ್ಪ ಕಾಲುಚೀಲ, ಇಲ್ಲದಿದ್ದರೆ ಮೀನಖಂಡ ಉಜ್ಜಿ ಗಾಯ ಆಗುತ್ತದೆ. ಒಂದು ಜೊತೆ ಕಾಲುಚೀಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಲಗುವಾಗ ಮಾತ್ರ ಹಾಕಿಕೋ. ಐದೂ ದಿನ ಅದು ಒಣಗಿರಬೇಕು. ಇಷ್ಟು ಮಾಡಿದರೆ ಮನಸ್ಸು ಅರ್ಧ ಗಟ್ಟಿ ಇರುತ್ತದೆ.

ಸ್ನಾನ, ಶೌಚ. ನೀನು ನೇರವಾಗಿ ಕೇಳಿಲ್ಲ, ಆದರೆ ಅದೇ ಮನಸ್ಸಿನಲ್ಲಿದೆ ಅಂತ ನನಗೆ ಗೊತ್ತು. ಸ್ನಾನದ ವ್ಯವಸ್ಥೆ ಕಡಿಮೆ, ಸಾಲು ಉದ್ದ. ಐದು ದಿನ ಜನ ಸ್ನಾನ ಮಾಡದೆಯೇ ಇರುತ್ತಾರೆ. ಒಂದು ತಂಬಿಗೆ ನೀರು, ಒಂದು ತೆಳು ಪಂಚೆ, ಟೆಂಟಿನೊಳಗೆ ಕೂತು ಮೈ ಒರೆಸಿಕೊಂಡರೆ ಆಯಿತು. ಧಾರವಾಡದ ಪಂಚೆ ಬೇಗ ಒಣಗುತ್ತದೆ, ಟವೆಲ್ ಬೇಡ. ಶೌಚಾಲಯ ಗುಂಡಿಯ ಮೇಲಿನ ಕಟ್ಟೆ, ಒಳಗೆ ನೀರು ಇರುವುದಿಲ್ಲ. ಬಾಟಲಿ ಕೈಯಲ್ಲಿರಲಿ. ಬೆಳಗ್ಗೆ ಏಳರೊಳಗೆ ಹೋದರೆ ಸಾಲೂ ಇಲ್ಲ, ವಾಸನೆಯೂ ಕಡಿಮೆ. ಎಷ್ಟೇ ಅವಸರ ಆದರೂ ಬೇಲಿ ಮರೆಗೆ ಹೋಗಬೇಡಿ. ಅಲ್ಲಿ ಎಲ್ಲ ಕಡೆ ಅದನ್ನೇ ಬರೆದಿರುತ್ತಾರೆ. ಅಷ್ಟು ಜನರ ಮೂತ್ರ ಹಳ್ಳಕ್ಕೆ ಇಳಿದರೆ ಮೀನು ಸಾಯುತ್ತವೆ. ಕುಡಿಯುವ ನೀರಿಗೆ ನಲ್ಲಿಗಳಿವೆ. 2019ರಿಂದ ಪ್ಲಾಸ್ಟಿಕ್ ನೀರಿನ ಬಾಟಲಿ ಮಾರುವುದನ್ನೇ ನಿಲ್ಲಿಸಿದ್ದಾರೆ, ಸ್ಟೀಲ್ ಬಾಟಲಿ ಒಯ್ಯಿ.

ಇನ್ನು ಜನ. ಆ ದೊಡ್ಡ ವ್ಯತ್ಯಾಸ ಅಂದೆನಲ್ಲ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನ ಸಂಗೀತಕ್ಕೆ ಹೋದರೆ ನೀನು ಜಮಖಾನೆಯ ಮೂಲೆಯಲ್ಲಿ ಕೂತಿರುತ್ತೀಯ. ಗುರುತಿಲ್ಲದ ಅಜ್ಜಿಯೊಬ್ಬಳು ಬಂದು "ಸ್ವಲ್ಪ ಸರಿಯವ್ವ" ಅಂತ ಕೂತುಬಿಡುತ್ತಾಳೆ. ಹತ್ತು ನಿಮಿಷಕ್ಕೆ ನಿನ್ನ ಊರು, ಅಪ್ಪನ ಕೆಲಸ, ಮದುವೆ ಆಗಿದೆಯಾ ಇಲ್ಲವಾ, ಎಲ್ಲ ಗೊತ್ತಾಗಿರುತ್ತದೆ. ನೀನು ಏನೂ ಮಾಡಬೇಕಿಲ್ಲ. ಇಂಗ್ಲೆಂಡಿನಲ್ಲಿ ಯಾರೂ ಹಾಗೆ ಬಂದು ಕೂರುವುದಿಲ್ಲ. ಅವರಿಗೆ ಸೊಕ್ಕು ಅಂತ ಅಂದುಕೊಳ್ಳಬೇಡ. ಕರೆಯದೆ ಹೋದರೆ ತೊಂದರೆ ಕೊಟ್ಟಂತೆ ಅಂತ ಅವರ ಲೆಕ್ಕ. ನೀನು ಮಾತಾಡಿಸಲಿ ಅಂತ ಅವರು, ಅವರು ಮಾತಾಡಿಸಲಿ ಅಂತ ನೀನು. ಹೀಗೆ ಐದು ದಿನ ಕಳೆದುಹೋಗುತ್ತದೆ. ನನ್ನ ಮೊದಲ ಸಲ ಮೂರು ದಿನ ಹಾಗೇ ಹೋಯಿತು.

ಅದಕ್ಕೆ ಮೊದಲ ಮಧ್ಯಾಹ್ನವೇ ಶುರು ಮಾಡಬೇಕು, ಟೆಂಟು ಹಾಕುವಾಗಲೇ. ಆಗ ಎಲ್ಲರ ಕೈಯಲ್ಲೂ ಕೆಲಸ, ಎಲ್ಲರಿಗೂ ಗೊಂದಲ. ಅವರಲ್ಲೂ ಅರ್ಧ ಜನಕ್ಕೆ ಯಾವ ಕೋಲು ಎಲ್ಲಿ ಹೋಗುತ್ತದೆ ಗೊತ್ತಿರುವುದಿಲ್ಲ. ಪಕ್ಕದವರ ಹತ್ತಿರ ಹೋಗಿ "ಗೂಟ ಹೊಡೆಯಲು ಕೊಡತಿ ಇದೆಯಾ, ಎರಡು ನಿಮಿಷ ಕೊಡ್ತೀರಾ" ಅಂತ ಕೇಳು. ನಿನ್ನ ಚೀಲದಲ್ಲಿ ಕೊಡತಿ ಇದ್ದರೂ ಕೇಳು. ನಮ್ಮ ಕಡೆ ಹೊಸ ಮನೆಗೆ ಬಂದವರು ಪಕ್ಕದ ಮನೆಯಲ್ಲಿ ಹೆಪ್ಪಿಗೆ ಮಜ್ಜಿಗೆ ಕೇಳುತ್ತಾರಲ್ಲ, ಅದೇ ಇದು. ಕೊಡತಿ ವಾಪಸ್ ಕೊಡುವಾಗ ಹೆಸರು ಹೇಳು, ಅವರ ಹೆಸರು ಕೇಳು. ಮರೆತುಹೋಗುತ್ತದೆ, ಫೋನಿನಲ್ಲಿ ಬರೆದುಕೋ. ಮುಂದೆ ಏನು ಮಾತಾಡುವುದು ಅಂತ ತಲೆ ಕೆಡಿಸಿಕೊಳ್ಳಬೇಡ. ಮಳೆ ಬರುತ್ತಾ, ಎಷ್ಟು ದೂರದಿಂದ ಬಂದಿರಿ, ಮೊದಲನೇ ಸಲವಾ, ಯಾರನ್ನು ಕೇಳಲು ಬಂದಿರಿ. ಈ ನಾಲ್ಕು ಪ್ರಶ್ನೆಗೆ ಅರ್ಧ ಗಂಟೆ ಹೋಗುತ್ತದೆ. ಸಂಬಳ, ಮದುವೆ, ವಯಸ್ಸು ಬೇಡ. ಅವರು ತಾವಾಗಿ ಹೇಳಿದರೆ ಕೇಳು.

ನನ್ನ ಅನುಭವದಲ್ಲಿ ಫೆಸ್ಟಿವಲ್ ಚೆನ್ನಾಗಿತ್ತಾ ಇಲ್ಲವಾ ಅನ್ನುವುದು ಈ ಎಂಟ್ಹತ್ತು ಟೆಂಟುಗಳಲ್ಲೇ ತೀರ್ಮಾನ ಆಗುತ್ತದೆ. ವೇದಿಕೆಯ ಮುಂದೆ ಪಕ್ಕದಲ್ಲಿ ಕುಣಿದವರು ಇನ್ನೊಮ್ಮೆ ಸಿಗುವುದಿಲ್ಲ. ಟೆಂಟಿನ ಪಕ್ಕದವರು ದಿನಕ್ಕೆ ಎರಡು ಸಲ ಸಿಗುತ್ತಾರೆ. ನಿನ್ನ ಸಾಮಾನಿನ ಮೇಲೆ ಕಣ್ಣಿಡುವವರೂ ಅವರೇ. ನನ್ನ ಆ ಒಂದು ಪದರದ ಟೆಂಟು ಶುಕ್ರವಾರದ ಮಳೆಗೆ ನಿಜವಾಗಿಯೂ ಸೋರಿದಾಗ ಪಕ್ಕದ ದಂಪತಿ, ಇಬ್ಬರಿಗೂ ಅರವತ್ತರ ಮೇಲೆ, ತಮ್ಮ ಟೆಂಟಿನ ಮುಂದಿನ ಪಡಸಾಲೆಯಂಥ ಜಾಗದಲ್ಲಿ ನನಗೆ ಮಲಗಲು ಕೊಟ್ಟರು. ಮೂರು ದಿನ ಒಂದು ಮಾತೂ ಆಡಿರಲಿಲ್ಲ ನಾನು. ನಾಚಿಕೆ ಆಯಿತು. ಅವರ ಜೊತೆ ಈಗಲೂ ಹೊಸ ವರ್ಷಕ್ಕೆ ಕಾರ್ಡ್ ಹೋಗಿ ಬಂದು ಇದೆ.

ಕಂಬಳಿಯ ಇನ್ನೊಂದು ಉಪಯೋಗ ಅಂದೆನಲ್ಲ. ಬುಧವಾರ ಸಂಜೆ ಟೆಂಟಿನ ಮುಂದೆ ಅದನ್ನು ಅಗಲವಾಗಿ ಹಾಸು. ಐದು ಜನಕ್ಕೆ ಬೇಕಾದಷ್ಟಕ್ಕಿಂತ ಅಗಲ. ಬುತ್ತಿ ಬಿಚ್ಚು. ದಾಟಿ ಹೋಗುವವರನ್ನು ಕಣ್ಣು ಸೇರಿದರೆ ಕರೆ, "ಬನ್ನಿ, ಕೂತ್ಕೊಳ್ಳಿ". ಕರೆದರೆ ಬರುತ್ತಾರೆ. ಬಂದರೆ ಬೇಗ ಏಳುವುದಿಲ್ಲ.

ಬುತ್ತಿಗೆ ಏನು? ಕಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಒಡೆಯದಂತೆ ಡಬ್ಬಿಯಲ್ಲಿಡಬೇಕು ಅಷ್ಟೇ. ಯಾರಾದರೂ ಊರಿಂದ ಬರುವವರ ಕೈಯಲ್ಲಿ ಮೇ ಕೊನೆಗೆ ತರಿಸಿಕೋ. ಶೇಂಗಾ ಹಿಂಡಿ ವಿಷಯದಲ್ಲಿ ಮಾತ್ರ ಎಚ್ಚರ. ಅಲ್ಲಿ ಕೆಲವರಿಗೆ ಶೇಂಗಾದ ಅಲರ್ಜಿ ಇರುತ್ತದೆ. ಸುಮ್ನೆ ಮೈ ತುರಿಸುವ ಅಲರ್ಜಿ ಅಂದುಕೊಳ್ಳಬೇಡ, ಉಸಿರು ನಿಲ್ಲುವಂಥದ್ದು. ಯಾರಿಗೇ ಆಗಲಿ ಕೊಡುವ ಮುಂಚೆ ಅಲರ್ಜಿ ಇದೆಯಾ ಅಂತ ಕೇಳಲೇಬೇಕು. ನಮ್ಮ ಒತ್ತಾಯದ ಊಟ, "ಒಂದ ತುತ್ತು ತಿನ್ರಿ, ಏನಾಗಲ್ಲ", ಅಲ್ಲಿ ನಡೆಯುವುದಿಲ್ಲ. ನಾನು ಹಂಚಲು ಗುರೆಳ್ಳು ಪುಡಿ ಒಯ್ದಿದ್ದೆ. ಅದನ್ನು ಕೊಡುವಾಗಲೂ ಕೇಳಿಯೇ ಕೊಟ್ಟೆ. ಕಪ್ಪು ಪುಡಿ ನೋಡಿ ಎಲ್ಲರೂ ಮೊದಲು ಮೂಸಿದರು, ಆಮೇಲೆ ಡಬ್ಬಿ ಖಾಲಿ. ಇನ್ನು ಧಾರವಾಡ ಪೇಡೆ. ಆಸೆ ಆಗುತ್ತದೆ, ಆದರೆ ಭಾರತದಿಂದ ಬ್ರಿಟನ್‌ಗೆ ಹಾಲಿನ ಪದಾರ್ಥ ಒಯ್ಯಲು ನಿರ್ಬಂಧ ಇದೆ. ಖೋವಾದ ಡಬ್ಬಿ ವಿಮಾನ ನಿಲ್ದಾಣದ ಕಸದ ಬುಟ್ಟಿಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ಬೇಡ. ಉಳಿದ ಊಟಕ್ಕೆ ಚಿಂತೆ ಇಲ್ಲ. ನೂರಾರು ಅಂಗಡಿ ಇರುತ್ತವೆ, ಸಸ್ಯಾಹಾರ ಧಾರಾಳ. ಒಂದು ಪ್ಲೇಟಿಗೆ ಹತ್ತು ಪೌಂಡ್ ಆಸುಪಾಸು. ಹರೇ ಕೃಷ್ಣದವರ ಡೇರೆಯಲ್ಲಿ ಅನ್ನ, ಬೇಳೆ ಪುಕ್ಕಟೆ ಬಡಿಸುತ್ತಾರೆ. ಅಲ್ಲಿ ನೆಲದ ಮೇಲೆ ಕೂತು ಬಿಳಿಯರ ಸಾಲಿನಲ್ಲಿ ಉಣ್ಣುವಾಗ ಮಠದ ದಾಸೋಹದಲ್ಲಿ ಕೂತ ಹಾಗೇ ಅನ್ನಿಸಿತ್ತು ನನಗೆ.

ಮಾತು ಕಡಿಮೆ ಇರುವವರಿಗೆ ಇನ್ನೊಂದು ಉಪಾಯ. ಗ್ರೀನ್ ಫೀಲ್ಡ್ಸ್ ಎಂಬ ಭಾಗದಲ್ಲಿ ಕೈಕೆಲಸ ಕಲಿಸುವವರು ಕೂತಿರುತ್ತಾರೆ. ಮರ ಕೆತ್ತುವುದು, ಕಮ್ಮಾರಿಕೆ, ಹೆಣೆಯುವುದು. ಕೈ ಕೆಲಸದಲ್ಲಿದ್ದರೆ ಬಾಯಿ ತಾನಾಗಿ ಬಿಚ್ಚುತ್ತದೆ, ಸುಮ್ಮನಿದ್ದರೂ ಯಾರಿಗೂ ಕಸಿವಿಸಿ ಇಲ್ಲ. ಶೌಚಾಲಯದ ಸಾಲು ಕೂಡ ಒಳ್ಳೆಯ ಜಾಗ, ನಗಬೇಡ. 2016ರ ಜೂನ್ 24ರ ಶುಕ್ರವಾರ ಬೆಳಗ್ಗೆ ನಾನು ಆ ಸಾಲಿನಲ್ಲಿದ್ದೆ. ಹಿಂದಿನ ದಿನ ಬ್ರಿಟನ್ನಿನಲ್ಲಿ ಬ್ರೆಕ್ಸಿಟ್ ಮತದಾನ, ಅಂದರೆ ಯುರೋಪಿಯನ್ ಒಕ್ಕೂಟ ಬಿಡಬೇಕಾ ಬೇಡವಾ ಅನ್ನುವ ಮತದಾನ ಆಗಿತ್ತು. ಬಿಡುವುದೇ ಅಂತ ಫಲಿತಾಂಶ ಬಂದಿತ್ತು. ಫೋನಿನಲ್ಲಿ ಸುದ್ದಿ ಬಂದವರು ಬರದವರಿಗೆ ಹೇಳುತ್ತಿದ್ದರು. ಮೊಣಕಾಲಿನವರೆಗೆ ಕೆಸರು, ಕೈಯಲ್ಲಿ ಪೇಪರ್ ಸುರುಳಿ, ಗುರುತಿಲ್ಲದವರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅಳುತ್ತಿದ್ದರು. ಒಬ್ಬರಿಬ್ಬರು ಸುಮ್ಮನೆ ನೆಲ ನೋಡುತ್ತಿದ್ದರು, ಬಹುಶಃ ಆ ಕಡೆಗೆ ಮತ ಹಾಕಿದವರು. ಆ ದೇಶವನ್ನು ಅರ್ಥ ಮಾಡಿಕೊಳ್ಳಲು ಆ ಇಪ್ಪತ್ತು ನಿಮಿಷ ನನಗೆ ಸಹಾಯ ಆದಷ್ಟು ಯಾವ ಪತ್ರಿಕೆಯೂ ಆಗಿಲ್ಲ.

ಕುಡಿಯುವ ವಿಷಯ. ಸುತ್ತ ಎಲ್ಲರ ಕೈಯಲ್ಲೂ ಬಿಯರ್ ಇರುತ್ತದೆ. "ಬೇಡ, ಥ್ಯಾಂಕ್ಸ್, ನಾನು ಕುಡಿಯುವುದಿಲ್ಲ" ಅಂದರೆ ಮುಗಿಯಿತು. ಕಾರಣ ಕೊಡಲು ಹೋಗಬೇಡ. ಕೊಟ್ಟರೆ ಚರ್ಚೆ ಶುರುವಾಗುತ್ತದೆ. ಯಾರೋ ಕೊಟ್ಟ ಮಾತ್ರೆ, ಪುಡಿ ಮುಟ್ಟಬೇಡ. ಹೊಲದೊಳಗೆ ಕಾನೂನು ಬೇರೆ ಅಂತ ಏನಿಲ್ಲ. ನಿನ್ನದು ವೀಸಾ ಬದುಕು ಅನ್ನುವುದೂ ನೆನಪಿರಲಿ. ನಿನ್ನ ಲೋಟ ನಿನ್ನ ಕೈಯಲ್ಲೇ ಇರಲಿ, ಅದರಲ್ಲಿ ಬರೀ ನಿಂಬೆ ಶರಬತ್ತು ಇದ್ದರೂ. ಮೈಕೈ ಮುಟ್ಟುವವರು ಅಲ್ಲೂ ಇರುತ್ತಾರೆ. ಜೋರಾಗಿ "ನೋ" ಅನ್ನು, ಜಾಗ ಬದಲಿಸು, ಜಾಕೆಟ್ ಹಾಕಿದ ಸ್ವಯಂಸೇವಕರಿಗೆ ಹೇಳು. ಮೈ ಸರಿ ಇಲ್ಲ, ಹೆದರಿಕೆ ಆಗುತ್ತಿದೆ, ಗೆಳತಿ ಸಿಗುತ್ತಿಲ್ಲ, ಏನೇ ಆದರೂ ವೆಲ್‌ಫೇರ್ ಡೇರೆ ರಾತ್ರಿಯಿಡೀ ತೆರೆದಿರುತ್ತದೆ. ಬೈಯುವುದಿಲ್ಲ, ಚಹಾ ಕೊಟ್ಟು ಕೂರಿಸುತ್ತಾರೆ. ಹೋದ ದಿನವೇ ಅದು ಎಲ್ಲಿದೆ ಅಂತ ನಡೆದು ನೋಡಿಟ್ಟುಕೋ.

ಟೆಂಟಿಗೆ ಬೀಗ ಹಾಕಬೇಡ. ಬಟ್ಟೆಯ ಮನೆಗೆ ಬೀಗ ಹಾಕಿದರೆ ಕಳ್ಳನಿಗೆ ಇಲ್ಲಿ ಏನೋ ಇದೆ ಅಂತ ಹೇಳಿದಂತೆ, ಅವನ ಹತ್ತಿರ ಬ್ಲೇಡ್ ಇರುತ್ತದೆ. ಪಾಸ್‌ಪೋರ್ಟ್ ಒಯ್ಯಲೇಬೇಡ. ಬೆಲೆಬಾಳುವುದನ್ನು ಸಾಮಾನು ಇಡುವ ಲಾಕಪ್‌ನಲ್ಲಿ ಕೊಡಬಹುದು, ದುಡ್ಡು ತಗೊಳ್ಳುವುದಿಲ್ಲ.

ನಿಮ್ಮ ಐದು ಜನರ ಗುಂಪಿನ ಬಗ್ಗೆಯೂ ಒಂದು ಮಾತು, ಯಾಕೆಂದರೆ ಫೆಸ್ಟಿವಲ್‌ನಲ್ಲಿ ಗುರುತಿಲ್ಲದವರ ಜೊತೆ ಆಗುವ ಜಗಳಕ್ಕಿಂತ ಗೆಳತಿಯರ ಜಗಳ ಜಾಸ್ತಿ. ಅದು ಬಹುಮಟ್ಟಿಗೆ ಶನಿವಾರ ಬೆಳಗ್ಗೆ ಆಗುತ್ತದೆ. ಮೂರು ರಾತ್ರಿ ನಿದ್ದೆ ಕೆಟ್ಟಿರುತ್ತದೆ, ಹೊಟ್ಟೆ ಖಾಲಿ, ಕಾಲು ನೋವು, ಒಬ್ಬಳಿಗೆ ಈ ವೇದಿಕೆ ಬೇಕು, ಇನ್ನೊಬ್ಬಳಿಗೆ ಆ ವೇದಿಕೆ. ನೂರಕ್ಕೂ ಜಾಸ್ತಿ ವೇದಿಕೆಗಳಿವೆ, ಎಲ್ಲ ನೋಡುತ್ತೇವೆ ಅಂತ ಹೊರಟರೆ ಬರೀ ನಡೆಯುವುದೇ ಆಗುತ್ತದೆ. 2019ರಲ್ಲಿ ನಾನೂ ನನ್ನ ಗೆಳತಿಯೂ ಆ ಬಿಸಿಲಲ್ಲಿ ಇದೇ ವಿಷಯಕ್ಕೆ ಕಿತ್ತಾಡಿ ಅರ್ಧ ದಿನ ಮಾತು ಬಿಟ್ಟಿದ್ದೆವು. ಯಾವ ಹಾಡುಗಾರರಿಗಾಗಿ ಜಗಳ ಆಡಿದೆವೋ ಅವರನ್ನು ಇಬ್ಬರೂ ನೋಡಲಿಲ್ಲ. ಹಾಗಾಗಿ ಮೊದಲೇ ಮಾತಾಡಿಕೊಳ್ಳಿ. ದಿನಕ್ಕೆ ಒಂದು ಕಾರ್ಯಕ್ರಮ ಎಲ್ಲರೂ ಒಟ್ಟಿಗೆ, ಅದನ್ನು ಆರಿಸುವ ಸರದಿ ದಿನಕ್ಕೊಬ್ಬಳದು. ಉಳಿದ ಹೊತ್ತು ಯಾರು ಎಲ್ಲಿ ಬೇಕಾದರೂ ಹೋಗಬಹುದು, ಒಬ್ಬಳೇ ಹೋದರೂ ಬೇಜಾರು ಮಾಡಿಕೊಳ್ಳುವಂತಿಲ್ಲ. ಆದರೆ ಕತ್ತಲಾದ ಮೇಲೆ ಇಬ್ಬಿಬ್ಬರು. ಭೇಟಿಯ ಜಾಗ "ಪಿರಮಿಡ್ ಸ್ಟೇಜಿನ ಬಲಗಡೆ" ಅಂತ ಇಟ್ಟುಕೊಳ್ಳಬೇಡಿ. ಅದು ಅಲ್ಲಿಯ ಮುಖ್ಯ ವೇದಿಕೆ, ಅಲ್ಲಿ ಹತ್ತಾರು ಸಾವಿರ ಜನ ಇರುತ್ತಾರೆ. ಯಾವುದೋ ಒಂದು ಚಹಾ ಅಂಗಡಿಯ ಬೋರ್ಡಿನ ಕೆಳಗೆ, ಇಂಥ ಗಂಟೆಗೆ, ಅಂತ ಇರಲಿ. ಫೋನ್ ಸತ್ತರೆ ಅಂತ ಅಕ್ಕನ ನಂಬರನ್ನು ಕಾಗದದಲ್ಲಿ ಬರೆದು ಜೇಬಿನಲ್ಲಿಡು.

ಸೋಮವಾರ ಬೆಳಗ್ಗೆ ಎಲ್ಲರ ಮೈ ಹಣ್ಣಾಗಿರುತ್ತದೆ. ಎಷ್ಟೋ ಜನ ಟೆಂಟನ್ನು ಅಲ್ಲೇ ಬಿಟ್ಟು ನಡೆದುಬಿಡುತ್ತಾರೆ. ನೀವು ಬಿಡಬೇಡಿ. ಗೂಟಗಳನ್ನು ಎಣಿಸಿ ಕೀಳಿ. ಹೊಡೆದದ್ದು ಹದಿನಾರು ಇದ್ದರೆ ಕಿತ್ತದ್ದೂ ಹದಿನಾರು ಇರಬೇಕು. ಆ ಹುಲ್ಲಿನ ಮೇಲೆ ಆಕಳು ಮತ್ತೆ ಮೇಯಲು ಬರುತ್ತವೆ. ಹುಲ್ಲಿನಲ್ಲಿ ಉಳಿದ ಒಂದು ಕಬ್ಬಿಣದ ಗೂಟ ಅದರ ಹೊಟ್ಟೆಗೆ ಹೋದರೆ ಏನಾಗುತ್ತದೆ ಅಂತ ನಿಮ್ಮ ಅವ್ವನಿಗೆ ಹೇಳಬೇಕಿಲ್ಲ.

ಅವ್ವನಿಗೆ ದಿನಾ ಬೆಳಗ್ಗೆ ಅಲ್ಲಿಯ ಏಳು ಗಂಟೆಗೆ ಫೋನ್ ಮಾಡು. ಇಲ್ಲಿ ಆಗ ಹನ್ನೊಂದೂವರೆ, ಅವಳ ಅಡುಗೆ ಮುಗಿದಿರುತ್ತದೆ. ಆ ಹೊತ್ತಿನಲ್ಲಿ ಜನ ಇನ್ನೂ ಮಲಗಿರುವುದರಿಂದ ನೆಟ್‌ವರ್ಕ್ ಕೂಡ ಸಿಗುತ್ತದೆ. ಸಂಜೆ ಮಾಡುತ್ತೇನೆ ಅಂತ ಮಾತ್ರ ಹೇಳಬೇಡ. ಫೋನ್ ಹತ್ತದಿದ್ದರೆ ಅವಳು ರಾತ್ರಿಯೆಲ್ಲ ಎದ್ದಿರುತ್ತಾಳೆ.